ಗ್ರಾಮ್ಯ, ಅವಿನೀತ, ಅಶ್ಲೀಲ: ಶೃಂಗಾರಸೂಚಕಗಳಾದ ಕೆಲವು ಇಂಗ್ಲಿಷ್ ಗುಣವಾಚಕಗಳ ಅರ್ಥವಿಚಾರ

೧

ಇಂಗ್ಲಿಷ್ ಭಾಷೆಯಲ್ಲಿ ಮನುಷ್ಯನ ನಡೆನುಡಿಗಳಿಗೆ ವಿಶೇಷಣಗಳಾಗಿ ಬರುವ ಪದಗಳಲ್ಲಿ ಒಂದು ವಿಲಕ್ಷಣವಾದ ವರ್ಗವುಂಟು. ಲ್ಯೂಡ್, ನಾಟಿ, ವಾಂಟನ್, ಸಾಸಿ, ಲಸಿವಿಯಸ್, ಪ್ರೂರಿಯೆಂಟ್, ಆಬ್ಸೀನ್, ಸಜೆಸ್ಟಿವ್ ಎಂಬಿವೇ ಮೊದಲಾದುವು ಈ ವರ್ಗಕ್ಕೆ ಸೇರಿದುವು. ಇವುಗಳಲ್ಲಿ ಕೆಲವು ಕಾಮವಿಕಾರವನ್ನು ನೇರವಾಗಿ ಹೇಳುತ್ತವೆ. ಕೆಲವು ಹೇಳದೆ ಸೂಚಿಸುತ್ತವೆ. ಮತ್ತೆ ಕೆಲವು ಸಂದರ್ಭಾನುಸಾರವಾಗಿ ಮಗುವಿನ ಚೇಷ್ಟೆಗೂ ಸಲ್ಲುತ್ತವೆ, ವಿಟನ ಚೇಷ್ಟೆಗೂ ಸಲ್ಲುತ್ತವೆ. ತುಮಕೂರು ನಗರದಲ್ಲಾಗಲಿ, ಗುಬ್ಬಿ ಕುಣಿಗಲುಗಳಲ್ಲಾಗಲಿ ಷೇಕ್ಸ್‌ಪಿಯರನ ನಾಟಕವೊಂದನ್ನು ಕನ್ನಡದ ಮೂಲಕ ವಿವರಿಸುವ ಉಪಾಧ್ಯಾಯನು ಈ ಪದಗಳು ಎದುರಾದೊಡನೆ ಇಕ್ಕಟ್ಟಿಗೆ ಸಿಕ್ಕುತ್ತಾನೆ. ಆಗ ಆತನ ಬಾಯಿಗೆ ಸುಲಭವಾಗಿ ಬರುವುದು "ಅಶ್ಲೀಲ" ಎಂಬ ಒಂದೇ ಪದ. ಎಂಟು ಪದಗಳ ಎಂಟು ಬಗೆಯ ಛಾಯೆಗಳೂ ಆ ಒಂದು ಪದದಲ್ಲಿ ಮುಳುಗಿಹೋಗುತ್ತವೆ.

ಇದರಿಂದ ಎರಡು ಬಗೆಯ ಹಾನಿಯುಂಟಾಗುತ್ತದೆ. ಪಾಠದಲ್ಲಿರುವ ಕವಿಯ ಅಭಿಪ್ರಾಯವು ಕೆಡುವುದು ಒಂದನೆಯದು. ಎರಡನೆಯದು ಇದಕ್ಕಿಂತ ದೊಡ್ಡದು. ಹಳ್ಳಿಗಳಿಂದ ಬಂದ ವಿದ್ಯಾರ್ಥಿಯು ತನ್ನ ಮನೆಯ ಮಾತಿನಲ್ಲಿ ಸಹಜವಾಗಿ ಬಳಸುವ ಪದಗಳೂ ಆ ಒಂದು ಹೆಸರಿಗೇ ಗುರಿಯಾಗಿ, ತನ್ನ ನುಡಿಯೇ ದೂಷಿತವೆಂಬ ಭಾವನೆ ಅವನಲ್ಲಿ ಬೇರೂರುತ್ತದೆ. ಆದುದರಿಂದ ಈ ಗುಣವಾಚಕಗಳ ಹುಟ್ಟನ್ನೂ ಅವು ನಡೆದುಬಂದ ದಾರಿಯನ್ನೂ ಪರೀಕ್ಷಿಸುವುದು ಕೇವಲ ನಿಘಂಟುಕಾರನ ಕೆಲಸವಲ್ಲ. ಸಾಹಿತ್ಯವನ್ನು ಬೋಧಿಸುವವರೆಲ್ಲರಿಗೂ ಸಂಬಂಧಿಸಿದ್ದು.

ಈ ವಿಚಾರಕ್ಕೆ ತುಮಕೂರು ಸೀಮೆಯು ಪರಕೀಯವಾದುದಲ್ಲ. ಇಂಗ್ಲಿಷ್ ಕವಿತೆಗಳನ್ನು "ಇಂಗ್ಲಿಷ್ ಗೀತಗಳು" ಎಂಬ ಸಂಗ್ರಹದಿಂದ (೧೯೨೬) ಕನ್ನಡಕ್ಕೆ ತಂದ ಬಿ. ಎಂ. ಶ್ರೀಕಂಠಯ್ಯನವರು ೧೮೮೪ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಧ್ವನಿತತ್ತ್ವವನ್ನು ಕನ್ನಡಿಗರಿಗೆ ಕನ್ನಡದಲ್ಲಿಯೇ ವಿಶದಪಡಿಸಿದ "ಭಾರತೀಯ ಕಾವ್ಯಮೀಮಾಂಸೆ"ಯ (೧೯೫೩) ಕರ್ತೃ ತೀ. ನಂ. ಶ್ರೀಕಂಠಯ್ಯನವರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಮಾತಿನ ಚಮತ್ಕಾರದಿಂದ ಜನಸ್ತೋಮವನ್ನು ನಗಿಸಿದ ನಾಟಕಮಂಡಲಿಯು ಗುಬ್ಬಿಯಲ್ಲಿ ಹುಟ್ಟಿತು. ಜಾನಪದರ ನಾಲಗೆಯ ಮೇಲೆ ಇಂದಿಗೂ ನಿಂತಿರುವ ಕೆರೆಯ ಹಾಡು ಕುಣಿಗಲಿನದು. ಇವೆಲ್ಲವೂ ಮುಂದಿನ ವಿಚಾರಕ್ಕೆ ಒದಗಿಬರತಕ್ಕವು.

೨

ಲ್ಯೂಡ್ ಎಂಬ ಪದವನ್ನು ಮೊದಲು ತೆಗೆದುಕೊಳ್ಳಬಹುದು. ಇಂದಿನ ಇಂಗ್ಲಿಷಿನಲ್ಲಿ ಇದಕ್ಕೆ ಕಾಮಲಂಪಟವಾದ, ಲಜ್ಜೆಗೆಟ್ಟ ಎಂಬ ಅರ್ಥವಲ್ಲದೆ ಬೇರೆಯಿಲ್ಲ. ಆದರೆ ಪ್ರಾಚೀನ ಇಂಗ್ಲಿಷಿನಲ್ಲಿ ಇದರ ಪೂರ್ವರೂಪಕ್ಕೆ "ಪಾದ್ರಿಯಲ್ಲದವನು, ಗೃಹಸ್ಥ" ಎಂಬಷ್ಟೇ ಅರ್ಥವಿತ್ತು. ಆ ಕಾಲದಲ್ಲಿ ಓದುಬರೆಹವೆಂಬುದು ಧರ್ಮಾಧಿಕಾರಿಗಳ ಸ್ವತ್ತಾಗಿದ್ದುದರಿಂದ, ಪಾದ್ರಿಯಲ್ಲದವನೆಂದರೆ ಲ್ಯಾಟಿನ್ ಬಾರದವನು, ಅಕ್ಷರವಿಹೀನನು ಎಂದಾಯಿತು. ಅಕ್ಷರವಿಹೀನನು ಮೂಢನೆನಿಸಿದನು, ಮೂಢನು ಕೀಳಾದವನೆನಿಸಿದನು, ಕೀಳಾದವನು ದುರ್ವೃತ್ತನೆನಿಸಿದನು. ೧೪ನೆಯ ಶತಮಾನವು ಮುಗಿಯುವ ಹೊತ್ತಿಗೆ ಆ ದುರ್ವೃತ್ತಿಯು ಕಾಮವಿಷಯಕವಾದ ದುರ್ವೃತ್ತಿಯೆಂದೂ ಗ್ರಹಿಸಲ್ಪಟ್ಟಿತು. ಈ ಸರಣಿಯಲ್ಲಿ ಗೃಹಸ್ಥನ ಶೀಲವು ಎಲ್ಲಿಯೂ ಬದಲಾಗಲಿಲ್ಲ. ಆತನನ್ನು ಕುರಿತು ಲೇಖನಿ ಹಿಡಿದವರ ಅಭಿಪ್ರಾಯವು ಮಾತ್ರ ಬದಲಾಯಿತು. ಪದದ ಅರ್ಥವನ್ನು ನಿರ್ಣಯಿಸಿದವರು ಪದದಿಂದ ಸೂಚಿತರಾದವರಲ್ಲ, ಅವರಿಗಿಂತ ಮೇಲೆ ಕುಳಿತವರು.

ಸಂಸ್ಕೃತದ "ಗ್ರಾಮ್ಯ" ಶಬ್ದವು ಸರಿಯಾಗಿ ಇದೇ ದಾರಿಯಲ್ಲಿ ನಡೆದಿದೆ. ಗ್ರಾಮಶಬ್ದದಿಂದ "ಗ್ರಾಮ್ಯ", "ಗ್ರಾಮೀಣ" ಎಂಬ ಎರಡು ರೂಪಗಳನ್ನೂ ಪಾಣಿನಿಯು ಒಂದೇ ಸೂತ್ರದಲ್ಲಿ ಸಾಧಿಸುತ್ತಾನೆ. ವ್ಯುತ್ಪತ್ತಿಯಲ್ಲಿ ಇವೆರಡಕ್ಕೂ ಹಳ್ಳಿಗೆ ಸಂಬಂಧಿಸಿದುದು ಎಂಬುದೇ ಅರ್ಥ. ವೈದಿಕ ವಾಙ್ಮಯದಲ್ಲಿ ಪಶುಗಳನ್ನು ಗ್ರಾಮ್ಯಗಳೆಂದೂ ಆರಣ್ಯಗಳೆಂದೂ ವಿಭಾಗಿಸುವಾಗ ಯಾವ ತಿರಸ್ಕಾರವೂ ಇಲ್ಲ. ಕಾಲಕ್ರಮದಲ್ಲಿ "ಗ್ರಾಮ್ಯಧರ್ಮ"ವೆಂಬ ಸಮಾಸವು ಮೈಥುನವಾಚಕವಾಯಿತು. ಆಲಂಕಾರಿಕರಲ್ಲಿ "ಗ್ರಾಮ್ಯ"ವೆಂಬುದು ಕಾವ್ಯದೋಷವೊಂದರ ಹೆಸರಾಯಿತು. ಅಕ್ಕತಂಗಿಯರಂತಿದ್ದ ಎರಡು ಪದಗಳಲ್ಲಿ ಒಂದು ನಿಂದೆಗೆ ಪಾತ್ರವಾಯಿತು. ಇನ್ನೊಂದಾದ "ಗ್ರಾಮೀಣ"ವು ಇಂದಿಗೂ ಗೌರವದಿಂದ ಬಾಳುತ್ತಿದೆ. ಯೌಗಿಕಾರ್ಥವು ಸಮಾನವಾಗಿದ್ದರೂ ರೂಢ್ಯರ್ಥವು ಹೇಗೆ ದೂರ ಸರಿಯಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆಡುಮಾತಿನ "ಗಮಾರ"ನೂ ಹಿಂದೂಸ್ತಾನಿಯ ಮೂಲಕ ಬಂದ ಗ್ರಾಮಶಬ್ದದ ಸಂತಾನವೇ. ಇದಕ್ಕೆ ಪ್ರತಿಯಾಗಿ ನಗರವಾಸಿಯಾದ ನಾಗರಿಕನೂ, ಲ್ಯಾಟಿನ್ ಭಾಷೆಯ ನಗರವಾಚಕದಿಂದ ಹುಟ್ಟಿದ ಅರ್ಬೇನ್ ಎಂಬ ಇಂಗ್ಲಿಷ್ ವಿಶೇಷಣವೂ ಸಭ್ಯತೆಯ ಪಟ್ಟವನ್ನು ಪಡೆದುವು.

ಆದರೂ ಶಾಸ್ತ್ರಕಾರರಿಗೆ ಹಳ್ಳಿಯ ಮೇಲೆ ದ್ವೇಷವಿತ್ತೆಂದು ಹೇಳುವುದು ನ್ಯಾಯವಲ್ಲ. ದಂಡಿಯು ಮಾಧುರ್ಯಗುಣವನ್ನು ವಿವರಿಸುವ ಸಂದರ್ಭದಲ್ಲಿ ಗ್ರಾಮ್ಯಾಗ್ರಾಮ್ಯಗಳ ಭೇದವನ್ನು ಎರಡು ಉದಾಹರಣೆಗಳಿಂದ ತೋರಿಸಿದ್ದಾನೆ. ಪ್ರಿಯನು ಪ್ರಿಯೆಯಲ್ಲಿ ತನ್ನ ಬಯಕೆಯನ್ನು ಹಾಗೆಯೇ ಬರಿದಾಗಿ ಹೇಳಿಕೊಂಡರೆ ಅದು ಗ್ರಾಮ್ಯ. ಮನ್ಮಥನು ತನ್ನ ಪಾಲಿಗೆ ನಿರ್ದಯನಾಗಿದ್ದಾನೆ, ಅವಳಲ್ಲಿ ಮಾತ್ರ ಅವನಿಗೆ ಹಗೆಯಿಲ್ಲ ಎಂಬ ಭಂಗಿಯಿಂದ ಹೇಳಿದರೆ ಅಗ್ರಾಮ್ಯ. ಎರಡರಲ್ಲಿಯೂ ವಿಷಯವು ಒಂದೇ. ಆದುದರಿಂದ ದೋಷವು ವಿಷಯದಲ್ಲಿಲ್ಲ, ವಕ್ತೃವಿನ ಊರಿನಲ್ಲಿಯೂ ಇಲ್ಲ. ವ್ಯಂಜನೆಗೆ ಎಡೆಗೊಡದ ಬೆತ್ತಲೆಯ ಮಾತಿನಲ್ಲಿದೆ. ಕನ್ನಡದಲ್ಲಿ ಲಭ್ಯವಿರುವ ಮೊದಲ ಲಕ್ಷಣಗ್ರಂಥವಾದ ಕವಿರಾಜಮಾರ್ಗವೂ (ಸುಮಾರು ಕ್ರಿ. ಶ. ೮೫೦) ದಂಡಿಯ ಮಾರ್ಗವನ್ನು ಬಹುಮಟ್ಟಿಗೆ ಹಿಡಿದು, ತನ್ನ ಮೊದಲನೆಯ ಪರಿಚ್ಛೇದವನ್ನು ದೋಷಾದೋಷಗಳ ವಿಚಾರಕ್ಕೆ ಮೀಸಲಿಟ್ಟಿದೆ. ಈ ಮಾನದಂಡದಿಂದ ಅಳೆದರೆ, "ಮೂಡಲ್ ಕುಣಿಗಲ್ ಕೆರೆ"ಯ ಹಾಡು ಹಳ್ಳಿಯಲ್ಲಿಯೇ ಹುಟ್ಟಿ ಹಳ್ಳಿಯವರ ಬಾಯಲ್ಲಿಯೇ ಬೆಳೆದುದಾದರೂ ಅದರಲ್ಲಿ ಗ್ರಾಮ್ಯದೋಷವನ್ನು ಯಾರೂ ಎಣಿಸಲಾರರು. ಅದು ಗ್ರಾಮೀಣ, ಗ್ರಾಮ್ಯವಲ್ಲ. ಈ ವಿವೇಕವನ್ನು ಮರೆತು ಊರಿನ ಹೆಸರಿನಿಂದ ನುಡಿಯನ್ನು ಅಳೆದಾಗಲೆಲ್ಲ ಲ್ಯೂಡ್ ಶಬ್ದದ ಚರಿತ್ರೆಯು ನಮ್ಮಲ್ಲಿಯೂ ಮರುಕಳಿಸುತ್ತದೆ.

೩

ನಾಟಿ ಎಂಬುದು ಶೂನ್ಯವಾಚಕವಾದ ನಾಟ್ ಎಂಬ ಪದದಿಂದ ಹುಟ್ಟಿದುದು. ೧೪ನೆಯ ಶತಮಾನದಲ್ಲಿ ಇದಕ್ಕೆ ಏನೂ ಇಲ್ಲದವನು, ದರಿದ್ರನು ಎಂದರ್ಥವಿತ್ತು. ಏನೂ ಇಲ್ಲದವನು ಏನೂ ಬಾಳದವನಾದನು. ೧೬ನೆಯ ಶತಮಾನದಲ್ಲಿ ಪದವು ದುಷ್ಟನೆಂಬರ್ಥವನ್ನು ಹೊತ್ತಿತು. ಷೇಕ್ಸ್‌ಪಿಯರನು ಲೋಕಕ್ಕೆ ಈ ವಿಶೇಷಣವನ್ನು ಕೊಟ್ಟಾಗ ಲೋಕವು ಕೆಟ್ಟುದೆಂಬುದೇ ಅಭಿಪ್ರಾಯ, ತುಂಟತನದ್ದೆಂದಲ್ಲ. ಪಾಠ ಹೇಳುವವರು ಇಲ್ಲಿ ಎಡವುವುದುಂಟು. ೧೭ನೆಯ ಶತಮಾನದಲ್ಲಿ ಪದವು ಮಕ್ಕಳ ಚೇಷ್ಟೆಗೆ ಅನ್ವಯಿಸಿ ಮೃದುವಾಯಿತು. ೧೯ನೆಯ ಶತಮಾನದಲ್ಲಿ ಆ ಮೃದುತ್ವದ ಮರೆಯಲ್ಲಿಯೇ ಶೃಂಗಾರಚೇಷ್ಟೆಯ ಸೂಚನೆಯು ಒಳಹೊಕ್ಕಿತು. ಮಗುವಿನ ತಪ್ಪಿಗೆ ಹೇಳುವ ಮಾತನ್ನು ವಯಸ್ಕರ ತಪ್ಪಿಗೆ ಹೇಳಿದಾಗ ನಿಂದೆಯು ಅರ್ಧ ನಗೆಯಾಗುತ್ತದೆ. ಆ ಪದದ ಇಂದಿನ ಶಕ್ತಿಯೆಲ್ಲವೂ ಈ ಅರ್ಧ ನಗೆಯಲ್ಲಿದೆ.

ಕನ್ನಡದ "ತುಂಟ" ಶಬ್ದವು ಇದಕ್ಕೆ ಅತ್ಯಂತ ಸಮೀಪವಾದುದು. ಹಳೆಯ ಪ್ರಯೋಗಗಳಲ್ಲಿ ಇದು ಉದ್ಧಟ, ದುಷ್ಟ ಎಂಬರ್ಥದಲ್ಲಿ ಬರುತ್ತದೆ. ಇಂದು ತಾಯಿಯು ಮಗುವನ್ನು ಮುದ್ದಿಸುತ್ತ ಕರೆಯುವ ಹೆಸರಾಗಿದೆ. "ತುಂಟನಗೆ" ಎಂದಲ್ಲಿ ಶೃಂಗಾರದ ಸೂಚನೆಗೂ ಎಡೆಯಿದೆ. "ಪೋಲಿ" ಎಂಬುದೂ ಲಕ್ಷ್ಯಾರ್ಹವಾದುದು. ಪೋಲಾಗುವುದೆಂದರೆ ವ್ಯರ್ಥವಾಗುವುದು, ಅದರ ನೆರೆಯಲ್ಲಿಯೇ ಇರುವ "ಪೋಲಿ"ಯು ಕೆಲಸವಿಲ್ಲದೆ ಅಲೆಯುವವನನ್ನು ಹೇಳಿ, ಅಲ್ಲಿಂದ ಮುಂದೆ "ಪೋಲಿಮಾತು", "ಪೋಲಿಹಾಡು" ಎಂಬಲ್ಲಿ ಲಜ್ಜಾಸ್ಪದವಾದುದನ್ನು ಹೇಳುತ್ತದೆ. ಬೆಲೆಯಿಲ್ಲದುದು ಶೀಲವಿಲ್ಲದುದಾಗುವ ಈ ದಾರಿಯು ಇಂಗ್ಲಿಷಿಗೂ ಕನ್ನಡಕ್ಕೂ ಸಾಧಾರಣವಾಗಿದೆ. ಆದರೆ ಇದು ಅನಿವಾರ್ಯವಾದ ದಾರಿಯೇನೂ ಅಲ್ಲ. ಸಂಸ್ಕೃತದ "ಅಕಿಂಚನ" ಶಬ್ದಕ್ಕೂ ಏನೂ ಇಲ್ಲದವನೆಂಬುದೇ ಯೌಗಿಕಾರ್ಥ. ಆದರೆ ತ್ಯಾಗವನ್ನು ಪೂಜಿಸಿದ ಸಮಾಜದಲ್ಲಿ ಅದು ವಿರಕ್ತನ ಬಿರುದಾಯಿತು. ಒಂದೇ ಮೂಲಾರ್ಥವು ಒಂದು ದೇಶದಲ್ಲಿ ದುಷ್ಟನನ್ನೂ ಇನ್ನೊಂದು ದೇಶದಲ್ಲಿ ಯತಿಯನ್ನೂ ಹೇಳಿತೆಂದ ಮೇಲೆ, ಪದಕ್ಕೆ ಅರ್ಥವನ್ನು ಕೊಡುವುದು ಧಾತುವಿಗಿಂತ ಹೆಚ್ಚಾಗಿ ಲೋಕದ ಮೌಲ್ಯವಿವೇಚನೆಯೆಂಬುದು ವಿದಿತವಾಗುತ್ತದೆ.

ವಾಂಟನ್ ಎಂಬುದು ಎರಡು ಭಾಗಗಳಿಂದಾದ ಪದ. ಮೊದಲನೆಯದು ಅಭಾವಸೂಚಕ; ಎರಡನೆಯದು ಎಳೆ, ನಡೆಸು, ಶಿಕ್ಷಣ ಕೊಡು ಎಂಬರ್ಥದ ಪ್ರಾಚೀನ ಇಂಗ್ಲಿಷ್ ಕ್ರಿಯಾಪದದ ಭೂತಕೃದಂತ. ಸರಿಯಾಗಿ ನಡೆಸಲ್ಪಡದವನು, ಶಿಕ್ಷಣ ಹೊಂದದವನು ಎಂಬುದೇ ಮೂಲಾರ್ಥ. ಸಂಸ್ಕೃತದ "ಅವಿನೀತ"ದ ಘಟನೆಯೂ ಇದೇ ಆಗಿದೆ: ನಿಷೇಧಾರ್ಥಕವಾದ ಅಕಾರ, "ವಿ" ಉಪಸರ್ಗ, ನಡೆಸು ಎಂಬರ್ಥದ "ನೀ" ಧಾತು, ಅದರ ಮೇಲೆ ಭೂತಕೃದಂತದ ಪ್ರತ್ಯಯ. ಪರಸ್ಪರ ಋಣವಿಲ್ಲದೆ ಎರಡು ಭಾಷೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದೆ. ಕಡಿವಾಣವಿಲ್ಲದ ಕುದುರೆ, ಹತೋಟಿಯಿಲ್ಲದ ಮಗು, ಸಂಯಮವಿಲ್ಲದ ಸ್ತ್ರೀಪುರುಷರು ಎಂದು ವಾಂಟನ್ ಶಬ್ದದ ವ್ಯಾಪ್ತಿಯು ಬೆಳೆಯಿತು. ಕಾರಣವಿಲ್ಲದ ಕ್ರೌರ್ಯಕ್ಕೂ ಅದು ವಿಶೇಷಣವಾಯಿತು. ಕುತೂಹಲಕರವಾದ ವಿಷಯವೆಂದರೆ, ಈ ತುಮಕೂರು ಸೀಮೆಯೂ ಒಳಗಾಗಿ ಗಂಗವಾಡಿಯನ್ನಾಳಿದ ಗಂಗರಾಜರಲ್ಲಿ ಅವಿನೀತನೂ ಅವನ ಮಗ ದುರ್ವಿನೀತನೂ ಪ್ರಖ್ಯಾತರು. ದುರ್ವಿನೀತನ ಹೆಸರನ್ನು ಕವಿರಾಜಮಾರ್ಗಕಾರನು ಕನ್ನಡ ಗದ್ಯಕಾರರ ಸಾಲಿನಲ್ಲಿ ಸ್ಮರಿಸಿದ್ದಾನೆ. ಕೋಶದಲ್ಲಿ ನಿಂದಾವಾಚಕಗಳಾದ ಪದಗಳು ರಾಜನಾಮಗಳಾದಾಗ ಯಾರಿಗೂ ಬಗ್ಗದವನೆಂಬ ಪ್ರಶಂಸೆಯಾಗಿಯೇ ಕೇಳಿಸಿರಬೇಕು. ಅಧಿಕಾರದ ನೆರಳಿನಲ್ಲಿ ನಿಂದೆಯು ಸ್ತುತಿಯಾಗುತ್ತದೆ; ಅಧಿಕಾರವಿಲ್ಲದಲ್ಲಿ ಗೃಹಸ್ಥನೆಂಬ ನಿರ್ದುಷ್ಟವಾದ ಹೆಸರೂ ನಿಂದೆಯಾಗುತ್ತದೆ.

೪

ಮೇಲಣ ಪದಗಳು ಸಮಾಜದಲ್ಲಿ ಮನುಷ್ಯನಿಗಿರುವ ಸ್ಥಾನದಿಂದ ಹುಟ್ಟಿದುವು. ಇನ್ನು ಕೆಲವು ಇಂದ್ರಿಯಾನುಭವದಿಂದ ಹುಟ್ಟಿವೆ. ಸಾಸಿ ಎಂಬುದು ವ್ಯಂಜನಪದಾರ್ಥವಾಚಕವಾದ ಸಾಸ್ ಶಬ್ದದಿಂದ ಬಂದುದು; ಅದರ ಮೂಲವು ಉಪ್ಪು ಹಾಕಿದುದು ಎಂಬರ್ಥದ ಲ್ಯಾಟಿನ್ ಪದ. ನಾಲಗೆಗೆ ಚುರುಕಾದುದು ಮಾತಿಗೂ ನಡೆಗೂ ಚುರುಕಾದುದಾಗಿ, ಧಾರ್ಷ್ಟ್ಯವನ್ನೂ ಆಮೇಲೆ ವಿಲಾಸದ ಧಾರ್ಷ್ಟ್ಯವನ್ನೂ ಸೂಚಿಸಿತು. ಸಂಸ್ಕೃತದಲ್ಲಿ ಲವಣದಿಂದ "ಲಾವಣ್ಯ"ವು ಹುಟ್ಟಿತು. ಅಕ್ಷರಶಃ ಅದು ಉಪ್ಪುತನ. ಉಪ್ಪು ಒಂದೇ ಆದರೂ ಇಂಗ್ಲಿಷಿನಲ್ಲಿ ಅದು ಕೊಂಕಿಗೆ ರುಚಿ ಕೊಟ್ಟಿತು, ಸಂಸ್ಕೃತದಲ್ಲಿ ಸೌಂದರ್ಯಕ್ಕೆ ಕಾಂತಿಯನ್ನು ಕೊಟ್ಟಿತು. ಕನ್ನಡಿಗರು ಇದ್ದುದನ್ನು ಇದ್ದಂತೆ ಹೇಳದೆ ಬೆಳೆಸಿ ಹೇಳುವುದನ್ನು "ಉಪ್ಪುಖಾರ ಹಚ್ಚಿ" ಹೇಳುವುದೆನ್ನುತ್ತಾರೆ. ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಸಲೇಷಿಯಸ್ ಎಂಬ ಕಾಮುಕವಾಚಕವನ್ನು ಧ್ವನಿಸಾಮ್ಯದಿಂದ ಉಪ್ಪಿಗೆ ಸೇರಿಸಲು ಮನಸ್ಸಾಗುವುದು ಸಹಜ. ಆದರೆ ಅದು ನೆಗೆ ಎಂಬರ್ಥದ ಬೇರೊಂದು ಲ್ಯಾಟಿನ್ ಧಾತುವಿನಿಂದ ಬಂದುದು. ಶಬ್ದಸಾದೃಶ್ಯವನ್ನೇ ನಂಬಿ ನಿರುಕ್ತಿಯನ್ನು ಹೇಳುವುದು ಅಪಾಯಕರ.

ನೈಸ್ ಎಂಬ ನಿರಪಾಯವಾದ ಪದದ ಪೂರ್ವಕಥೆಯು ಇನ್ನೂ ವಿಚಿತ್ರವಾದುದು. ಅರಿಯದವನೆಂಬರ್ಥದ ಲ್ಯಾಟಿನ್ ಮೂಲದಿಂದ ಫ್ರೆಂಚ್ ಭಾಷೆಯ ದ್ವಾರಾ ಬಂದ ಈ ಪದಕ್ಕೆ ಮಧ್ಯಕಾಲದ ಇಂಗ್ಲಿಷಿನಲ್ಲಿ ಮೂರ್ಖನೆಂಬರ್ಥವಿತ್ತು, ಕಾಮುಕನೆಂಬರ್ಥವೂ ಇತ್ತು. ಬಳಿಕ ಅದು ನಯನಾಜೂಕಿನ ಕಡೆಗೆ ತಿರುಗಿ, ೧೮ನೆಯ ಶತಮಾನದಲ್ಲಿ ಹಿತವಾದುದೆಂಬ ಅರ್ಥದಲ್ಲಿ ನೆಲೆನಿಂತಿತು. ಸಂಸ್ಕೃತದ "ಮುಗ್ಧ"ವು ಇದರ ಜೊತೆಗಾರ. ಮೋಹಗೊಳ್ಳು ಎಂಬರ್ಥದ "ಮುಹ್" ಧಾತುವಿನಿಂದ ಮೂಢ, ಮುಗ್ಧ ಎಂಬ ಎರಡು ಕೃದಂತಗಳಾಗುತ್ತವೆ. ಮೂಢನು ಮೂರ್ಖನಾಗಿಯೇ ಉಳಿದನು. ಮುಗ್ಧವು ಅರಿಯಮಿಯಿಂದ ಸರಳತೆಗೆ, ಸರಳತೆಯಿಂದ ಸೌಂದರ್ಯಕ್ಕೆ ಏರಿ, ಮುಗ್ಧೆ, ಮಧ್ಯೆ, ಪ್ರಗಲ್ಭೆ ಎಂಬ ನಾಯಿಕಾಭೇದಗಳಲ್ಲಿ ಮೊದಲನೆಯದಾಯಿತು. ಕೆಳಗಿಳಿಯುವುದೊಂದೇ ಪದಗಳ ಗತಿಯಲ್ಲ. ಮೇಲೇರುವುದೂ ಉಂಟೆಂಬುದು ಇದರಿಂದ ತಿಳಿಯುತ್ತದೆ.

ಲಸಿವಿಯಸ್ ಎಂಬುದರ ಲ್ಯಾಟಿನ್ ಮೂಲಕ್ಕೆ ಆಟವಾಡುವ, ಕುಣಿದಾಡುವ ಎಂಬರ್ಥವೂ ಉಂಟು. ಇದನ್ನೂ ಸಂಸ್ಕೃತದ "ಲಸ್" ಧಾತುವನ್ನೂ ಭಾಷಾಶಾಸ್ತ್ರಜ್ಞರು ಒಂದೇ ಆದಿಮೂಲಕ್ಕೆ ಸೇರಿಸುತ್ತಾರೆ. ವಿಲಾಸ, ಲಾಸ್ಯ, ಉಲ್ಲಾಸ, ಲಾಲಸೆ ಎಂಬ ಪದಗಳನ್ನು ಬಲ್ಲ ಕನ್ನಡಿಗನಿಗೆ ಈ ಬಾಂಧವ್ಯವು ಬಹಳ ಪ್ರಯೋಜನಕಾರಿಯಾದುದು: ಇಂಗ್ಲಿಷಿನಲ್ಲಿ ಒಂದೇ ಕವಲು ನಿಂದೆಯಾಗಿ ಉಳಿದಿದ್ದರೆ, ನಮ್ಮಲ್ಲಿ ಅದೇ ಮೂಲವು ನೃತ್ಯಕ್ಕೂ ಸಂತೋಷಕ್ಕೂ ಆಸೆಗೂ ಹೆಸರನ್ನಿತ್ತಿದೆ. ಪ್ರೂರಿಯೆಂಟ್ ಎಂಬುದರ ಲ್ಯಾಟಿನ್ ಧಾತುವಿಗೆ ತುರಿಸು, ನವೆಯಾಗು ಎಂದರ್ಥ. ಕನ್ನಡದ "ತೀಟೆ"ಯನ್ನು ನೆನೆದರೆ ಸಾಕು. ಮೈಯ ನವೆಯೂ ತೀಟೆ, ಹುಡುಗರ ಕೀಟಲೆಯೂ ತೀಟೆ, ಕಾಮದ ಕೆರಳಿಕೆಯೂ ತೀಟೆ. ಸಂಸ್ಕೃತದ ಯಾವ ದೀರ್ಘಸಮಾಸವೂ ಈ ಇಂಗ್ಲಿಷ್ ಪದವನ್ನು ಇಷ್ಟು ಸರಿಯಾಗಿ ಭಾಷಾಂತರಿಸಲಾರದು. ಆದರೂ ಈ ಅಚ್ಚಗನ್ನಡ ಪದವನ್ನು ಬಳಸಲು ವಿದ್ವಾಂಸರು ಹಿಂಜರಿಯುತ್ತಾರೆ. ಕಾರಣವು ಮತ್ತೆ ಗ್ರಾಮ್ಯಭೀತಿಯೇ.

೫

ಆಬ್ಸೀನ್ ಎಂಬುದು ಈ ವರ್ಗದ ಪದಗಳಲ್ಲಿ ಅತ್ಯಂತ ಗುರುತರವಾದುದು. ಲ್ಯಾಟಿನಿನಲ್ಲಿ ಇದರ ಮೂಲವು ಅಪಶಕುನಸೂಚಕವಾದುದು, ಅಮಂಗಳವಾದುದು ಎಂಬರ್ಥದಲ್ಲಿ ಶಕುನಶಾಸ್ತ್ರಕ್ಕೆ ಸಂಬಂಧಿಸಿತ್ತು. ಜುಗುಪ್ಸೆ, ಲಜ್ಜೆ ಎಂಬ ಅರ್ಥಗಳೂ ಅದಕ್ಕೆ ಕೂಡಿಕೊಂಡುವು. ಇದನ್ನು ಓದಿದ ಆಲಂಕಾರಿಕನಿಗೆ ಮಮ್ಮಟನ ನೆನಪಾಗದೆ ಇರದು. ಕಾವ್ಯಪ್ರಕಾಶದಲ್ಲಿ ಅಶ್ಲೀಲದೋಷವು ಮೂರು ವಿಧ: ವ್ರೀಡಾವ್ಯಂಜಕ, ಜುಗುಪ್ಸಾವ್ಯಂಜಕ, ಅಮಂಗಳವ್ಯಂಜಕ. ರೋಮನ್ನರ ಒಂದು ಪದದಲ್ಲಿ ಬೆರೆತಿದ್ದ ಮೂರು ಭಾವಗಳನ್ನೇ ನಮ್ಮ ಶಾಸ್ತ್ರವು ಬಿಡಿಸಿ ಎಣಿಸಿದೆ. ಆದುದರಿಂದ "ಅಶ್ಲೀಲ"ವೆಂಬ ಪದವು ಈ ಎಂಟರಲ್ಲಿ ಯಾವುದಕ್ಕಾದರೂ ನಿಜವಾಗಿ ಸಲ್ಲುವುದಾದರೆ ಇದೊಂದಕ್ಕೇ.

ಅಶ್ಲೀಲಶಬ್ದದ ನಿಷ್ಪತ್ತಿಯೂ ಗಮನಾರ್ಹ. ಋಗ್ವೇದದಲ್ಲಿ "ಅಶ್ರೀರ" ಎಂಬ ರೂಪವುಂಟು. ಶ್ರೀಯಿಲ್ಲದುದು, ಕಾಂತಿಹೀನವಾದುದು ಎಂದು ಅರ್ಥ. ರೇಫವು ಲಕಾರವಾಗಿ ಅದೇ ಅಶ್ಲೀಲವಾಗಿದೆ. ಮೂಲದಲ್ಲಿ ಅದಕ್ಕೆ ಕಾಮದ ಸೋಂಕಿಲ್ಲ. ಸೌಭಾಗ್ಯದ ಅಭಾವವೇ ಅದರ ಅರ್ಥ. ಹೀಗಾಗಿ ಅಮಂಗಳವೆಂಬ ಮೂರನೆಯ ವಿಧವನ್ನು ಶಾಸ್ತ್ರಕಾರರು ಹೊರಗಿನಿಂದ ತಂದು ಸೇರಿಸಿದುದಲ್ಲ, ಪದದ ಹುಟ್ಟಿನಲ್ಲಿಯೇ ಅದು ಅಡಗಿತ್ತು. ಜನಸಾಮಾನ್ಯರ ವ್ಯವಹಾರದಲ್ಲಿ ಈ ವಿಧವು ಇಂದಿಗೂ ಜೀವಂತವಾಗಿದೆ. ಬಳೆ ಒಡೆದರೆ "ಹೆಚ್ಚಿತು" ಎನ್ನುವ ಹೆಂಗಸರೂ, ಹೊರಡುವಾಗ "ಹೋಗಿಬರುತ್ತೇನೆ" ಎನ್ನುವ ಅತಿಥಿಯೂ ಅಮಂಗಳಾಶ್ಲೀಲವನ್ನು ಪರಿಹರಿಸುತ್ತಿರುವವರೇ. ಮಮ್ಮಟನನ್ನು ಓದದೆಯೇ ಅವರು ಆ ಸೂಕ್ಷ್ಮವನ್ನು ಬಲ್ಲರು.

ವಾಮನನು ಈ ದೋಷಕ್ಕೆ ಹೇಳಿರುವ ಅಪವಾದಗಳು ಅಧ್ಯಾಪಕರಿಗೆ ಇನ್ನೂ ಉಪಯುಕ್ತವಾದುವು. ಪದಕ್ಕೆ ಲಜ್ಜಾಸ್ಪದವಾದ ಅರ್ಥವಿದ್ದರೂ ಅದು ಅಪ್ರಸಿದ್ಧವಾಗಿ ಗುಪ್ತವಾಗಿದ್ದರೆ, ಲಕ್ಷಣೆಯಿಂದ ಮಾತ್ರ ತೋರುವುದಾದರೆ, ಇಲ್ಲವೆ ಲೋಕವ್ಯವಹಾರದಿಂದ ಮುಚ್ಚಲ್ಪಟ್ಟಿದ್ದರೆ ದೋಷವಿಲ್ಲವೆಂಬುದು ಅವನ ಮತ. ಸೋದರಿಯನ್ನು ಹೇಳುವ "ಭಗಿನಿ" ಶಬ್ದವು ಇಂತಹುದು. ಅವಯವಾರ್ಥವನ್ನು ಹಿಡಿದು ಕೆದಕಿದರೆ ಸಂಕೋಚವುಂಟಾದೀತು. ಆದರೆ ಲೋಕವು ಅದನ್ನು ಪವಿತ್ರವಾದ ಬಾಂಧವ್ಯದಿಂದ ಹೊದಿಸಿದೆ. ದಂಡಿಯೂ ಇದನ್ನೇ ಒಪ್ಪುತ್ತಾನೆ. ಎಂದರೆ ಅಶ್ಲೀಲತೆಯು ಪದದಲ್ಲಿ ಹುದುಗಿರುವ ವಸ್ತುಧರ್ಮವಲ್ಲ. ಕೇಳುವ ಲೋಕದ ಅಂಗೀಕಾರದ ಮೇಲೆ ನಿಂತದ್ದು.

ಈ ವಿಚಾರವು ಕೇವಲ ಪಂಡಿತರ ವಾದವಲ್ಲವೆಂಬುದನ್ನು ನ್ಯಾಯಶಾಸನದ ಚರಿತ್ರೆಯು ತೋರಿಸುತ್ತದೆ. ೧೮೬೦ರ ಭಾರತೀಯ ದಂಡಸಂಹಿತೆಯ ೨೯೨ನೆಯ ಕಲಮು ಆಬ್ಸೀನ್ ಎಂಬ ಗುಣವಾಚಕದ ಮೇಲೆಯೇ ನಿಂತಿತ್ತು. ಆದರೆ ಅದರ ಲಕ್ಷಣವನ್ನು ಬಹುಕಾಲ ಹೇಳಿರಲಿಲ್ಲ. ೧೯೬೯ರ ತಿದ್ದುಪಡಿಯಲ್ಲಿ ಲಸಿವಿಯಸ್, ಪ್ರೂರಿಯೆಂಟ್ ಎಂಬ ಬೇರೆ ಎರಡು ಗುಣವಾಚಕಗಳಿಂದ ಅದನ್ನು ವಿವರಿಸಲಾಯಿತು. ೨೦೨೪ರ ಜುಲೈ ೧ರಿಂದ ಆಚರಣೆಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ ೨೯೪ನೆಯ ಕಲಮಿನಲ್ಲಿಯೂ ಅವೇ ಪದಗಳು ಉಳಿದಿವೆ. ಅಪಶಕುನವನ್ನು ಆಟದಿಂದಲೂ ನವೆಯಿಂದಲೂ ವಿವರಿಸಿದಂತಾಯಿತೆಂದು ನಿರುಕ್ತಕಾರನು ಹೇಳಬಹುದು. ಓದುಗನ ಮನಸ್ಸನ್ನು ಕೆಡಿಸುವ ಪ್ರವೃತ್ತಿಯುಳ್ಳದ್ದೇ ಆಬ್ಸೀನ್ ಎಂದು ಇಂಗ್ಲೆಂಡಿನ ನ್ಯಾಯಾಲಯವು ೧೮೬೮ರ ಹಿಕ್ಲಿನ್ ಮೊಕದ್ದಮೆಯಲ್ಲಿ ಹೇಳಿದ ಪ್ರಮಾಣವನ್ನು ಭಾರತದ ಸರ್ವೋಚ್ಚ ನ್ಯಾಯಾಲಯವು ೧೯೬೪ರಲ್ಲಿ ಲಾರೆನ್ಸನ ಕಾದಂಬರಿಯೊಂದರ ವಿಷಯದಲ್ಲಿ ಅನುಸರಿಸಿತು; ೨೦೧೪ರಲ್ಲಿ ಅವೀಕ್ ಸರ್ಕಾರ್ ಮೊಕದ್ದಮೆಯಲ್ಲಿ ಆ ಪ್ರಮಾಣವನ್ನು ಕೈಬಿಟ್ಟು, ಸಮಕಾಲೀನ ಸಮಾಜದ ರೂಢಿಯನ್ನೇ ಅಳತೆಗೋಲಾಗಿ ಸ್ವೀಕರಿಸಿತು. ಲೋಕವು ಹೊದಿಸಿದುದರಲ್ಲಿ ದೋಷವಿಲ್ಲವೆಂಬ ವಾಮನನ ಮತಕ್ಕೆ ಇದು ಬಹಳ ದೂರವಾದುದಲ್ಲ.

೬

ಕೊನೆಯದಾಗಿ, ಈ ಇಡೀ ವರ್ಗಕ್ಕೆ ಹೆಸರಾಗಬಲ್ಲ ಸಜೆಸ್ಟಿವ್ ಎಂಬ ಪದ. ಕೆಳಗಿನಿಂದ ಎತ್ತಿ ತರುವುದು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದ ಈ ಪದವು ೧೭ನೆಯ ಶತಮಾನದಲ್ಲಿ ಸೂಚಕವಾದುದು ಎಂಬಷ್ಟನ್ನೇ ಹೇಳುತ್ತಿತ್ತು. ೧೯ನೆಯ ಶತಮಾನದ ಕೊನೆಯ ಭಾಗದಲ್ಲಿ, ಸೂಚನೆಯೆಂದರೆ ಹೇಳಬಾರದುದರ ಸೂಚನೆಯೇ ಎಂಬ ಭಾವವು ಬಲಿತು, ಪದವು ಕಾಮವಿಷಯಕ್ಕೆ ಸಂಕುಚಿತವಾಯಿತು. ಇಂದು ಒಬ್ಬರ ಮಾತು ಸಜೆಸ್ಟಿವ್ ಎಂದರೆ ಅದು ಕಾವ್ಯಮಯವೆಂದು ಯಾರೂ ಮೊದಲು ತಿಳಿಯುವುದಿಲ್ಲ.

ಸೂಚನೆಯನ್ನು ನಮ್ಮವರು ಕಂಡ ಬಗೆ ಬೇರೆ. ೯ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದು ಸಾರಿದನು. ಪ್ರತೀಯಮಾನವಾದ ಅರ್ಥವು ವಾಚ್ಯಕ್ಕಿಂತ ಬೇರೆಯೆಂಬುದನ್ನು ತೋರಿಸಲು ಅವನು ಆರಿಸಿಕೊಂಡ ಉಪಮಾನವು ಲಾವಣ್ಯ. ಅಂಗಾಂಗಗಳಲ್ಲಿದ್ದರೂ ಅಂಗಗಳಿಗಿಂತ ಬೇರೆಯಾಗಿ ಬೆಳಗುವುದು ಅದು. ಅವನು ಮೊದಲಿಗೆ ಕೊಡುವ ಪ್ರಾಕೃತದ ಉದಾಹರಣೆಯಲ್ಲಿ, ಸಂಕೇತಸ್ಥಾನವನ್ನು ಕಾಪಾಡಿಕೊಳ್ಳಬಯಸುವ ನಾಯಿಕೆಯು ಅಲ್ಲಿ ಅಡ್ಡಾಡುವ ಧಾರ್ಮಿಕನಿಗೆ, ಅವನನ್ನು ಹೆದರಿಸುತ್ತಿದ್ದ ನಾಯಿಯನ್ನು ಸಿಂಹವು ಕೊಂದಿತಾದುದರಿಂದ ನಿಶ್ಚಿಂತೆಯಿಂದ ತಿರುಗಾಡೆಂದು ಹೇಳುತ್ತಾಳೆ. ಮಾತಿನಲ್ಲಿ ಆಹ್ವಾನ, ಧ್ವನಿಯಲ್ಲಿ ನಿಷೇಧ. ಇಂಗ್ಲಿಷಿನವರು ಕಣ್ಣು ಮಿಟುಕಿಸಿ ಸಜೆಸ್ಟಿವ್ ಎನ್ನಬಹುದಾದ ಪ್ರಸಂಗವನ್ನೇ ಆನಂದವರ್ಧನನು ಕಾವ್ಯಶಾಸ್ತ್ರದ ಅಡಿಗಲ್ಲಾಗಿ ಮಾಡಿದನು. ಧ್ವನಿಯ ಹೆಸರು ಕವಿರಾಜಮಾರ್ಗದಲ್ಲಿಯೂ ಒಂದು ಅಲಂಕಾರವಾಗಿ ಬಂದಿದೆ. ಆದರೆ ಇಂದಿನ ಕನ್ನಡಿಗರೂ ಈ ವಿಷಯದಲ್ಲಿ ಹೆಮ್ಮೆಪಡುವಂತಿಲ್ಲ. ನಮ್ಮಲ್ಲಿ "ವ್ಯಂಗ್ಯ"ವು ಪರಿಹಾಸಕ್ಕೆ, ಚುಚ್ಚುಮಾತಿಗೆ ಸಂಕುಚಿತವಾಗಿ "ವ್ಯಂಗ್ಯಚಿತ್ರ"ದಲ್ಲಿ ಬಂದು ನಿಂತಿದೆ. ಶ್ಲೇಷೆಯೆಂದು ಮಹಾಕವಿಗಳು ಆದರಿಸಿದ ಚಮತ್ಕಾರವು "ದ್ವಂದ್ವಾರ್ಥ"ವೆಂಬ ಹೆಸರಿನಿಂದ ಲಜ್ಜೆಯ ವಿಷಯವಾಗಿದೆ. ಒಂದು ಭಾಷೆಯು ಸೂಚನೆಯನ್ನು ಕಾಮಕ್ಕೆ ಕಟ್ಟಿತು, ಇನ್ನೊಂದು ಭಾಷೆಯು ಕುಹಕಕ್ಕೆ ಕಟ್ಟಿತು.

ಸೂಚನೆಯು ಪದದಲ್ಲಿಲ್ಲ, ಸನ್ನಿವೇಶದಲ್ಲಿದೆಯೆಂಬುದಕ್ಕೆ ರಂಗಭೂಮಿಯೇ ಸಾಕ್ಷಿ. ೧೮೮೪ರಲ್ಲಿ ಸ್ಥಾಪಿತವಾದ ಗುಬ್ಬಿಯ ನಾಟಕಮಂಡಲಿಯನ್ನು ಮುಂದೆ ನಾಡಿನಾದ್ಯಂತ ಪ್ರಸಿದ್ಧಿಗೆ ತಂದ ಗುಬ್ಬಿ ವೀರಣ್ಣನವರು (೧೮೯೧–೧೯೭೨) ಹಾಸ್ಯಾಭಿನಯಕ್ಕೆ ಹೆಸರಾದವರು. ತುಮಕೂರು ತಾಲ್ಲೂಕಿನ ಬೆಳ್ಳಾವೆಯ ನರಹರಿ ಶಾಸ್ತ್ರಿಗಳು ಆ ಮಂಡಲಿಗೆ ನಾಟಕಗಳನ್ನು ಬರೆದುಕೊಟ್ಟವರು. ಸ್ತ್ರೀಪುರುಷರೂ ಮಕ್ಕಳೂ ಒಟ್ಟಿಗೆ ಕುಳಿತು ನೋಡುವ ಇಂತಹ ರಂಗದಲ್ಲಿ "ತುಂಟ", "ಚೆಲ್ಲು", "ಹಸಿ" ಎಂಬಂತಹ ಸಾಧಾರಣ ವಿಶೇಷಣವೊಂದು ಮಗುವಿಗೆ ಒಂದರ್ಥವನ್ನೂ ತಾಯಿಗೆ ಒಂದರ್ಥವನ್ನೂ ರಸಿಕನಿಗೆ ಇನ್ನೊಂದರ್ಥವನ್ನೂ ಕೊಡಬಲ್ಲದು. ಪುಸ್ತಕದಲ್ಲಿ ನಿರ್ದೋಷವಾದ ಪದವು ನಟನ ಕಾಕುವಿನಿಂದ ಸದೋಷವಾಗಬಹುದು. ಸದೋಷವೆನಿಸಿದ ಪದವು ಅವನ ಮುಗ್ಧಾಭಿನಯದಿಂದ ನಿರ್ದೋಷವಾಗಬಹುದು. ವ್ಯಂಜನೆಗೆ ವಕ್ತೃ, ಶ್ರೋತೃ, ಕಾಕು, ಪ್ರಸ್ತಾವ, ದೇಶ, ಕಾಲ ಮೊದಲಾದುವನ್ನು ಮಮ್ಮಟನು ಕಾರಣಗಳೆಂದು ಎಣಿಸಿರುವುದು ಇದನ್ನು ಕಂಡೇ. ನಿಘಂಟಿನಲ್ಲಿ ಈ ಆರರಲ್ಲಿ ಒಂದೂ ಇರುವುದಿಲ್ಲ. ತರಗತಿಯಲ್ಲಿ ಎಲ್ಲವೂ ಇರುತ್ತವೆ.

೭

ಮೇಲ್ಕಂಡ ವಿಚಾರದಿಂದ ಅಧ್ಯಾಪಕರಿಗೂ ಭಾಷಾಂತರಕಾರರಿಗೂ ಒಂದು ಕ್ರಮವು ದೊರೆಯುತ್ತದೆ. ಇಂಗ್ಲಿಷ್ ಪದವು ಯಾವ ಶತಮಾನದ ಗ್ರಂಥದಲ್ಲಿದೆಯೆಂಬುದನ್ನು ಮೊದಲು ನೋಡಿ, ಅದು ತನ್ನ ದಾರಿಯಲ್ಲಿ ಎಷ್ಟು ದೂರ ಬಂದಿತ್ತೆಂಬುದನ್ನು ನಿರ್ಣಯಿಸಬೇಕು. ಆಮೇಲೆ ಅದೇ ದಾರಿಯಲ್ಲಿ ನಡೆದ ಕನ್ನಡ ಪದವನ್ನು ಹುಡುಕಬೇಕು. ಹಳೆಯ ಗ್ರಂಥದ ಲ್ಯೂಡ್ "ಪಾಮರ"ನಾಗಬಹುದು, ಈಚಿನದು "ಲಂಪಟ"ನಾಗಬಹುದು. ನಾಟಿ ಎಂಬುದು ೧೬ನೆಯ ಶತಮಾನದ್ದಾದರೆ "ದುಷ್ಟ", ಅಲ್ಲಿಂದ ಈಚಿನದಾದರೆ "ತುಂಟ". ವಾಂಟನ್ ಎಂಬುದಕ್ಕೆ "ಅವಿನೀತ", "ಕಡಿವಾಣವಿಲ್ಲದ" ಎಂಬುವು ಒಪ್ಪುತ್ತವೆ. ಸಾಸಿ ಎಂಬುದಕ್ಕೆ "ಕೊಂಕಿನ", ಲಸಿವಿಯಸ್ ಎಂಬುದಕ್ಕೆ "ಲಾಲಸ", ಪ್ರೂರಿಯೆಂಟ್ ಎಂಬುದಕ್ಕೆ "ತೀಟೆಯ", ಸಜೆಸ್ಟಿವ್ ಎಂಬುದಕ್ಕೆ ಸಂದರ್ಭವನ್ನನುಸರಿಸಿ "ಸೂಚಕ", "ಧ್ವನಿಪೂರ್ಣ", "ಎರಡರ್ಥದ" ಎಂಬುವು ಸಲ್ಲುತ್ತವೆ. "ಅಶ್ಲೀಲ"ವನ್ನು ಆಬ್ಸೀನ್ ಎಂಬುದಕ್ಕೆ ಮೀಸಲಿಡುವುದು ಉಚಿತ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ಕೋಶವೂ, ೧೯೪೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಪ್ರಕಟಿಸಿದ ಇಂಗ್ಲಿಷ್–ಕನ್ನಡ ನಿಘಂಟೂ ಈ ಕಾರ್ಯದಲ್ಲಿ ನೆರವಾಗತಕ್ಕವು. ಆದರೆ ಛಾಯೆಯ ನಿರ್ಣಯವು ಪಾಠ ಹೇಳುವವರ ವಿವೇಕಕ್ಕೇ ಸೇರಿದ್ದು.

ಹಾಗೆಯೇ ಗುಬ್ಬಿ ಕುಣಿಗಲುಗಳ ಸುತ್ತಣ ಹಳ್ಳಿಗಳಿಂದ ಬಂದ ವಿದ್ಯಾರ್ಥಿಯು ಪ್ರಬಂಧದಲ್ಲಿ "ತೀಟೆ" ಎಂದೋ "ಪೋಲಿ" ಎಂದೋ ಬರೆದರೆ, ಕೆಂಪುಶಾಯಿಯಿಂದ ಗೆರೆ ಎಳೆದು "ಅಶ್ಲೀಲ" ಎಂದು ಬರೆಯುವ ಮುನ್ನ, ಆ ಪದವು ಅಲ್ಲಿ ವ್ರೀಡೆಯನ್ನೋ ಜುಗುಪ್ಸೆಯನ್ನೋ ಅಮಂಗಳವನ್ನೋ ನಿಜವಾಗಿ ವ್ಯಂಜಿಸುತ್ತದೆಯೇ ಎಂಬುದನ್ನು ವಿಚಾರಿಸಬೇಕು. ಮೂರರಲ್ಲಿ ಒಂದೂ ಇಲ್ಲದೆ ಪದವು ಹಳ್ಳಿಯದೆಂಬುದಷ್ಟೇ ಆಕ್ಷೇಪವಾಗಿದ್ದರೆ, ಅದು ದೋಷವಲ್ಲ. ಅದಕ್ಕೆ ಪಾಣಿನಿಯ ಕಾಲದಿಂದಲೂ ಗ್ರಾಮೀಣವೆಂಬ ನಿರ್ದುಷ್ಟವಾದ ಹೆಸರಿದೆ.